ಕೀ ಕೊಡೋ ಕಿಚನ್ ಟೈಮರ್: ಅಡುಗೆಗಿಂತ ಮನಸ್ಸಿಗೇ ಜಾಸ್ತಿ ಉಪಯೋಗ

ಬ್ಯಾಟರಿ ಇಲ್ದೆ ಕೈಯಲ್ಲಿ ತಿರುಗಿಸಿ ಇಡ್ತೀವಲ್ಲ, ಆ ಹಳೇ ಥರದ ಟೈಮರ್ ಬಗ್ಗೆ ಬರೀತಿದೀನಿ. ಅಡುಗೆಮನೆ ಸಾಮಾನು ಅಂತ ಮಾರ್ತಾರೆ, ನಾನು ತಗೊಂಡಿದ್ದು ಮಾತ್ರ ಬೇರೆ ಕಾರಣಕ್ಕೆ. ಪಾತ್ರೆ ತೊಳೀತಿದ್ರೆ ಆಫೀಸ್ ಮೇಲ್ ನೆನಪಾಗೋದು, ಮೇಲ್ ಬರೀತಿದ್ರೆ ಮಡಚದೆ ಬಿದ್ದಿರೋ ಬಟ್ಟೆ ನೆನಪಾಗೋದು, ಒಂದ್ ಕೆಲ್ಸಾನೂ ನೆಮ್ಮದಿಯಾಗಿ ಮಾಡ್ದಂಗೇ ಇರ್ತಿರ್ಲಿಲ್ಲ, ರಾತ್ರಿ ಮಲಗೋ ಹೊತ್ತಿಗೆ ಸುಸ್ತು ಒಂದೇ ಉಳಿಯೋದು.

ಇದಕ್ಕೊಂದು ವಿಧಾನ ಇದೆ, 1980ರ ದಶಕದ ಕೊನೇಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಅನ್ನೋರು ಓದೋ ದಿನಗಳಲ್ಲಿ ಟೊಮೇಟೊ ಆಕಾರದ ಟೈಮರ್ ಇಟ್ಕೊಂಡು ಶುರು ಮಾಡಿದ್ದು. 25 ನಿಮಿಷ ಒಂದೇ ಕೆಲ್ಸ, 5 ನಿಮಿಷ ಬಿಡುವು, ಹೀಗೆ ನಾಲ್ಕು ಸುತ್ತು ಆದ್ಮೇಲೆ ದೊಡ್ಡ ಬಿಡುವು. ಫೋನಲ್ಲೇ ಟೈಮರ್ ಇದ್ಯಲ್ಲ ಅಂತೀರಾ? ಫೋನ್ ಕೈಗೆತ್ಕೊಂಡ್ರೆ ಟೈಮರ್ ಇಡೋಕ್ ಮುಂಚೆನೇ ನೋಟಿಫಿಕೇಶನ್ ಎಳ್ಕೊಂಡ್ ಹೋಗತ್ತೆ. ಇದು ಹಾಗಲ್ಲ, ಹಿಡಿದು ತಿರುಗಿಸ್ವಾಗ ಒಳಗಿನ ಸ್ಪ್ರಿಂಗ್ ಬಿಗಿಯಾಗೋದು ಬೆರಳಿಗೇ ಗೊತ್ತಾಗತ್ತೆ, ಕೈ ಬಿಟ್ಟ ತಕ್ಷಣ ಟಿಕ್ ಟಿಕ್ ಶುರು, ಇನ್ನು ಬೆಲ್ ಹೊಡೆಯೋವರೆಗೂ ಈ ಪಾತ್ರೆ ಬಿಟ್ಟು ಬೇರೇನೂ ನನ್ನ ಜವಾಬ್ದಾರಿ ಅಲ್ಲ ಅಂತ ಮನಸ್ಸು ಒಪ್ಕೊಳ್ಳತ್ತೆ. ಆಗ ಬೆಚ್ಚಗಿನ ನೀರು, ನೊರೆ, ತೊಳೆದ ತಟ್ಟೆ ಬೆರಳಿಗೆ ಕಿರ್ ಅನ್ನೋದು, ಎಲ್ಲಾ ಗಮನಕ್ಕೆ ಬರತ್ತೆ, ನಿಜವಾಗ್ಲೂ ಖುಷಿ ಆಗತ್ತೆ.

ಇದು ನನ್ನೊಬ್ಬರ ಅನುಭವ ಅಷ್ಟೇ ಅಲ್ಲ. 2010ರಲ್ಲಿ ಕಿಲ್ಲಿಂಗ್ಸ್‌ವರ್ತ್ ಮತ್ತೆ ಗಿಲ್ಬರ್ಟ್ ಅನ್ನೋ ಮನಶ್ಶಾಸ್ತ್ರಜ್ಞರು 2250 ಜನರನ್ನ ಫೋನ್ ಮೂಲಕ ಆಗಾಗ ವಿಚಾರಿಸಿ ನೋಡಿದಾಗ, ಸುಮಾರು 47% ಸಲ ಅವರ ಮನಸ್ಸು ಮಾಡ್ತಿರೋ ಕೆಲ್ಸದ ಮೇಲೆ ಇರ್ಲೇ ಇಲ್ಲ, ಹಾಗೆ ಅಲೆಯುವಾಗ ಖುಷಿನೂ ಕಮ್ಮಿ ಇತ್ತು, ಮಾಡ್ತಿದ್ದ ಕೆಲ್ಸ ಬೇಜಾರು ತರಿಸೋದಾಗಿದ್ರೂ ಅಷ್ಟೇ.

ಆ 5 ನಿಮಿಷದ ಬಿಡುವನ್ನ ಮಾತ್ರ ದಯವಿಟ್ಟು ಇನ್ನೊಂದು ಚಿಕ್ಕ ಕೆಲ್ಸಕ್ಕೆ ಕೊಡ್ಬೇಡಿ. ಕಿಟಕಿ ಹತ್ರ ನಿಂತ್ಕೊಳ್ಳಿ, ಸುಮ್ನೆ ಕೂತ್ಕೊಳ್ಳಿ, ಅದು ಪೂರ್ತಿ ನಿಮ್ದು.

ತೊಂದ್ರೆಗಳೂ ಇವೆ. ಟಿಕ್ ಟಿಕ್ ಸದ್ದು ಕೆಲವರಿಗೆ ಆಗಲ್ಲ, ಮಗು ಮಲಗಿರೋ ರೂಮಿಗಂತೂ ಬೇಡವೇ ಬೇಡ. ಒಂದರ್ಧ ನಿಮಿಷ ಹೆಚ್ಚುಕಮ್ಮಿ ತೋರಿಸ್ಬಹುದು. ಮನೆಕೆಲ್ಸ ಎಲ್ಲಾ ಒಬ್ಬರ ತಲೆ ಮೇಲೇ ಬಿದ್ದಿದ್ರೆ ಟೈಮರ್ ಅದನ್ನ ಕಮ್ಮಿ ಮಾಡಲ್ಲ, ಅಲ್ಲಿ ಬೇಕಾಗಿರೋದು ಕೈ ಜೋಡಿಸೋ ಜನ. ಚಿಕ್ಕ ಮಕ್ಕಳನ್ನೋ ಕಾಯಿಲೆಯವರನ್ನೋ ನೋಡ್ಕೊಳ್ಳೋರಿಗೆ 25 ನಿಮಿಷ ಒಟ್ಟಿಗೆ ಸಿಗೋದೇ ಕಷ್ಟ, 10 ಇಟ್ಕೊಂಡ್ರೂ ಸಾಕು.

ತಗೊಳ್ಳೋರು ನಂಬರ್ ದಪ್ಪಗಿರೋದು, ಹಿಂದೆ ಮ್ಯಾಗ್ನೆಟ್ ಇರೋದು ನೋಡಿ ತಗೊಳ್ಳಿ. ಕಮ್ಮಿ ಹೊತ್ತಿಗೆ ಇಡೋದಾದ್ರೆ ಮೊದ್ಲು ಜಾಸ್ತಿ ತಿರುಗಿಸಿ ಆಮೇಲೆ ಬೇಕಾದ ನಂಬರಿಗೆ ವಾಪಸ್ ತನ್ನಿ, ಇಲ್ದಿದ್ರೆ ಸ್ಪ್ರಿಂಗ್ ಸಡಿಲ ಉಳಿದು ಬೆಲ್ ಸರಿಯಾಗಿ ಹೊಡೆಯಲ್ಲ.