ಸ್ಕ್ರಬ್ಸ್ ಕೊಳ್ಳುವಾಗ ಮೊದಲು ಪ್ಯಾಂಟ್ ನೋಡಿ

ಹಾಸನದ ಒಂದು ಖಾಸಗಿ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನಾನು ಸ್ಟಾಫ್ ನರ್ಸ್. ರೋಗಿಗಳ ಬಾಯಲ್ಲಿ 'ಬ್ರದರ್'. ಅವಸರ ಜಾಸ್ತಿಯಾದರೆ 'ಡಾಕ್ಟ್ರೇ'. ಡ್ಯೂಟಿಯಲ್ಲಿ ನಾವು ಹಾಕುವ ಅಂಗಿ-ಪ್ಯಾಂಟಿಗೆ ಸ್ಕ್ರಬ್ಸ್ ಅನ್ನುತ್ತಾರೆ. ನಮ್ಮಲ್ಲಿ ಅದರ ಬಣ್ಣವನ್ನು ಮಾತ್ರ ಆಸ್ಪತ್ರೆಯವರು ಹೇಳುತ್ತಾರೆ, ನೇವಿ ಬ್ಲೂ. ಯಾವ ಬಟ್ಟೆ, ಎಲ್ಲಿಂದ ತರಬೇಕು ಅನ್ನೋದು ನಮಗೇ ಬಿಟ್ಟದ್ದು. ಹಾಗಾಗಿ ಶುದ್ಧ ಹತ್ತಿಯದು, ಆನ್‌ಲೈನಲ್ಲಿ ಸಿಗುವ ಸ್ಟ್ರೆಚ್ ಬಟ್ಟೆಯದು, ಇಲ್ಲೇ ಟೈಲರ್ ಹತ್ರ ಹೊಲಿಸಿದ ಟೆರಿಕಾಟ್, ಮೂರನ್ನೂ ಡ್ಯೂಟಿಯಲ್ಲಿ ಹಾಕಿ ಸವೆಸಿದ್ದೇನೆ.

ಹೋಲಿಸುವ ಮೊದಲು ಒಂದು ಮಾತು. ಗಂಡಸರು ಸ್ಕ್ರಬ್ಸ್ ಆರಿಸುವಾಗ ಮೇಲಿನ ಅಂಗಿಯನ್ನೇ ನೋಡುತ್ತೇವೆ. ವಿ ಕತ್ತು ಹೇಗಿದೆ, ತೋಳು ಬಿಗಿಯಾಗಿ ಕೂರುತ್ತಾ, ಭುಜ ಅಗಲ ಕಾಣುತ್ತಾ, ಇಷ್ಟೇ. ಆದರೆ ಡ್ಯೂಟಿಯಲ್ಲಿ ಕಾಡುವುದು ಪ್ಯಾಂಟು. ಸಿಪಿಆರ್ ಕೊಡಲು ಮಂಡಿಯೂರಬೇಕು, ಸ್ಟ್ರೆಚರ್ ತಳ್ಳಬೇಕು, ಭಾರದ ಮನುಷ್ಯನನ್ನು ಹಾಸಿಗೆಯಿಂದ ಎತ್ತಬೇಕು. ಜೇಬಲ್ಲಿ ಮೊಬೈಲ್, ಕತ್ತರಿ, ಪ್ಲಾಸ್ಟರ್ ರೋಲ್, ಬೈಕಿನ ಕೀ ಇರುತ್ತವೆ. ಬರೀ ಲಾಡಿ ಇರುವ ಪ್ಯಾಂಟು ಈ ತೂಕಕ್ಕೆ ನಿಧಾನಕ್ಕೆ ಕೆಳಗೆ ಜಾರುತ್ತದೆ. ಎರಡೂ ಕೈಗೆ ಗ್ಲೌಸ್ ಹಾಕಿಕೊಂಡು, ಜಾರುವ ಪ್ಯಾಂಟನ್ನು ಮೇಲಕ್ಕೆ ಎಳೆದುಕೊಳ್ಳಲಾಗದೆ ನಿಂತವರಿಗೆ ಆ ಸಂಕಟ ಗೊತ್ತು. ಆದ್ದರಿಂದ ನಾನು ಅಂಕ ಕೊಡುವುದು ಸೊಂಟದಿಂದ ಕೆಳಕ್ಕೆ.

ಹತ್ತಿಯದು ಮೈಗೆ ಹಿತ, ಅದರಲ್ಲಿ ಎರಡು ಮಾತಿಲ್ಲ. ಹತ್ತಿ ನೂಲು ಸಾಮಾನ್ಯ ಹವೆಯಲ್ಲೇ ತನ್ನ ತೂಕದ ಸುಮಾರು 8 ಪರ್ಸೆಂಟ್ ತೇವ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಹಿಡಿಯುವುದಿಲ್ಲ. ಬೆವರು ಬಂದಾಗ ಈ ವ್ಯತ್ಯಾಸ ಬೆನ್ನಿಗೆ ಗೊತ್ತಾಗುತ್ತದೆ. ಏಪ್ರಿಲ್ ಮಧ್ಯಾಹ್ನ, ಎಮರ್ಜೆನ್ಸಿಯ ಎಸಿ ಕೈಕೊಟ್ಟ ದಿನ, ಹತ್ತಿ ಹಾಕಿದವನೇ ಪುಣ್ಯವಂತ. ನಾನು ತಗೊಂಡದ್ದು ₹800ರ ಆಸುಪಾಸು, ಮೂರರಲ್ಲಿ ಅಗ್ಗದ್ದು. ಬ್ಲೀಚಿಂಗ್ ನೀರಲ್ಲಿ ನೆನೆಸಿದರೆ ಬಣ್ಣ ಸ್ವಲ್ಪ ಮಾಸುತ್ತದೆಯೇ ಹೊರತು ಬಟ್ಟೆಯ ಜೀವ ತಕ್ಷಣ ಹೋಗುವುದಿಲ್ಲ. ಬಿಸಿ ನೀರು, ಕೆಂಡದ ಇಸ್ತ್ರಿ ಎಲ್ಲಕ್ಕೂ ಬಗ್ಗುತ್ತದೆ.

ಆದರೆ ಮಳೆಗಾಲ ಬರಲಿ. ಹಾಸನ ಪೇಟೆಯಲ್ಲಿ ಸಕಲೇಶಪುರದಷ್ಟು ಮಳೆ ಹುಯ್ಯುವುದಿಲ್ಲ, ನಿಜ. ಆದರೂ ಜುಲೈ ತಿಂಗಳಲ್ಲಿ ಬಿಸಿಲಿನ ಮುಖ ಕಾಣಬೇಕಲ್ಲ? ಜಿಟಿಜಿಟಿ ಹನಿ, ಮೋಡ, ತಣ್ಣನೆ ಗಾಳಿ. ಒಗೆದು ಹಾಕಿದ ಹತ್ತಿ ಪ್ಯಾಂಟು ಮಾರನೇ ದಿನವೂ ಸೊಂಟದ ಪಟ್ಟಿ ಹತ್ರ ಒದ್ದೆ. ಹಾಗೇ ಹಾಕಿಕೊಂಡರೆ ಮುಗ್ಗಲು ವಾಸನೆ. ಇನ್ನೊಂದು, ಮೊದಲೇ ಕುಗ್ಗಿಸಿರದ ಹತ್ತಿ ಬಟ್ಟೆ ಒಗೆದ ಮೇಲೆ ಗಿಡ್ಡವಾಗುತ್ತದೆ. ಅಂಗಡಿಯಲ್ಲಿ ಸರಿಯಾಗಿದ್ದ ಪ್ಯಾಂಟು ಆಮೇಲೆ ಹರಡಿನ ಮೇಲೆ ನಿಲ್ಲುತ್ತದೆ. ಅದೂ ಅಲ್ಲದೆ ರೆಡಿಮೇಡ್ ಹತ್ತಿಯವು ಹೆಚ್ಚಾಗಿ ಯುನಿಸೆಕ್ಸ್. ಅಂದ್ರೆ ಯಾರಿಗೂ ಸರಿಯಾಗಿ ಹೊಂದದ ಅಳತೆ. ಸೀಟಿನ ಹತ್ರ ದೊಗಳೆ, ಭುಜದ ಹತ್ರ ಬಿಗಿ. ವಿ ಕತ್ತು ಎಷ್ಟು ಆಳ ಅಂದರೆ ಬನಿಯನ್ ಇಣುಕುತ್ತದೆ, ಬನಿಯನ್ ಇಲ್ಲದಿದ್ದರೆ ಎದೆಗೂದಲು. ಮುಂದೆ ಜಿಪ್ ಇಲ್ಲ. ಪುರುಸೊತ್ತಿಲ್ಲದ ಹೊತ್ತಲ್ಲಿ ಟಾಯ್ಲೆಟ್ಟಿಗೆ ಹೋದಾಗ ಲಾಡಿ ಗಂಟು ಬಿದ್ದರೆ ಏನು ಗತಿ ಅಂತ ಕಂಪನಿಯವರು ಯೋಚಿಸಿದ ಹಾಗೆ ಕಾಣುವುದಿಲ್ಲ.

ಸ್ಟ್ರೆಚ್ ಬಟ್ಟೆಯದು ಬೇರೆಯೇ ಲೋಕ. ಲೇಬಲ್ ಓದಿದರೆ ಪಾಲಿಯೆಸ್ಟರ್ 72, ರೇಯಾನ್ 21, ಸ್ಪ್ಯಾಂಡೆಕ್ಸ್ 7 ಪರ್ಸೆಂಟ್, ಅಥವಾ ಅದರ ಆಸುಪಾಸು ಇರುತ್ತದೆ. ಆ ಕೊನೆಯ ಚಿಟಿಕೆ ಸ್ಪ್ಯಾಂಡೆಕ್ಸೇ ಎಲ್ಲಾ ಕೆಲಸ ಮಾಡುವುದು. ಬಟ್ಟೆ ಉದ್ದಕ್ಕೂ ಅಡ್ಡಕ್ಕೂ ಹಿಗ್ಗುತ್ತದೆ. ಕೂತರೆ ತೊಡೆ ಹಿಡಿಯುವುದಿಲ್ಲ, ಮಂಡಿಯೂರಿದರೆ ಹೊಲಿಗೆ ಬಿಡುವುದಿಲ್ಲ. ಹಾಸನಾಂಬ ಗುಡಿಯ ಬಾಗಿಲು ತೆಗೆದ ದಿನಗಳಲ್ಲಿ ಊರು ತುಂಬಿರುತ್ತದೆ. ಸಾಲಲ್ಲಿ ನಿಂತು ಸುಸ್ತಾದವರು, ಸಕ್ಕರೆ ಇಳಿದವರು ಬರುತ್ತಲೇ ಇರುತ್ತಾರೆ. ನಮಗೆ ಕೂರಲು ಬಿಡುವಿರುವುದಿಲ್ಲ. ಅಂಥ ದಿನ ನಾನು ಕಪಾಟಿಂದ ತೆಗೆಯುವುದು ಇದನ್ನೇ. ಸೊಂಟಕ್ಕೆ ಅಗಲ ಇಲಾಸ್ಟಿಕ್, ಒಳಗೆ ಲಾಡಿ, ಎರಡೂ ಇರುವುದರಿಂದ ಮೊಬೈಲ್ ಭಾರಕ್ಕೆ ಜಾರುವುದಿಲ್ಲ. ರಾತ್ರಿ ಒಗೆದು ಫ್ಯಾನ್ ಕೆಳಗೆ ಹಾಕಿದರೆ ಬೆಳಿಗ್ಗೆ ತಯಾರು, ಜುಲೈನಲ್ಲೂ.

ನೋಡಲಿಕ್ಕೂ ಚೆನ್ನಾಗಿದೆ. ಇದರ ಜಾಗರ್ ಪ್ಯಾಂಟುಗಳು ಹರಡಿನ ಹತ್ರ ಬಿಗಿಯಾಗಿ ನಿಲ್ಲುತ್ತವೆ. ಅಮೆರಿಕದಲ್ಲಿ ಫಿಗ್ಸ್ ಅನ್ನುವ ಕಂಪನಿ 2013ರಲ್ಲಿ ಶುರುವಾಗಿ, ಮೈಗೊಪ್ಪುವ ಈ ಥರದ ಸ್ಕ್ರಬ್ಸ್ ಮಾರಿಯೇ ದೊಡ್ಡದಾಯಿತು. ಈಗ ನಮ್ಮ ದೇಶದ ಕಂಪನಿಗಳೂ ಅದೇ ಕಟ್ ಮಾಡುತ್ತವೆ. ಕಾಲಿನ ಅಂಚು ನೆಲದ ಕೊಳೆಗೆ ತಾಗದಿರುವುದು ಬರೀ ಸ್ಟೈಲಲ್ಲ, ದೊಡ್ಡ ಉಪಯೋಗ. ಎಮರ್ಜೆನ್ಸಿ ನೆಲದ ಮೇಲೆ ಏನೇನು ಬಿದ್ದಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಆದರೆ ಹಳ್ಳಿಯಿಂದ ಬಂದ ಅಜ್ಜಿಯರಿಗೆ ಜಾಗರ್ ಒಪ್ಪಿಗೆಯಾಗಿಲ್ಲ. 'ಯಾಕಪ್ಪಾ, ರಾತ್ರಿ ಪ್ಯಾಂಟಲ್ಲೇ ಬಂದ್ಬುಟ್ಟಿದ್ದೀಯ?' ಅಂತ ಆಲೂರು ಕಡೆಯ ಒಬ್ಬರು ಡ್ರಿಪ್ ಹಾಕಿಸಿಕೊಳ್ಳುತ್ತಲೇ ಕೇಳಿದರು. ನಗು ಬಂತು. ಪೂರ್ತಿ ತಪ್ಪಲ್ಲ ಅಂತಲೂ ಅನ್ನಿಸಿತು. ಹೊಟ್ಟೆ ಸ್ವಲ್ಪ ಮುಂದೆ ಬಂದವರಿಗೆ ಕೆಳಗೆ ಬಿಗಿ, ನಡುವೆ ದಪ್ಪ ಆಗುವ ಈ ಕಟ್ ಅಷ್ಟು ಒಪ್ಪುವುದಿಲ್ಲ. ನೇರ ಕಾಲಿನ ಸ್ಟ್ರೆಚ್ ಪ್ಯಾಂಟೂ ಸಿಗುತ್ತದೆ, ನಲವತ್ತರ ಆಸುಪಾಸಿನವರು ಅದನ್ನೇ ನೋಡಿ.

ಇದರ ಅಸಲಿ ತೊಂದರೆ ವಾಸನೆ. ಪಾಲಿಯೆಸ್ಟರ್ ಬೆವರಿನ ಎಣ್ಣೆಯಂಶವನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಒಗೆದಾಗ ಚೆನ್ನಾಗಿರುತ್ತದೆ, ಹಾಕಿ ಅರ್ಧ ದಿನ ಕಳೆದರೆ ಕಂಕುಳಿಂದ ಹಳೇ ಬೆವರು ಎದ್ದು ಬರುತ್ತದೆ. ಎರಡನೆಯದು ಶಾಖ. ನಮ್ಮ ಬೀದಿಯ ಇಸ್ತ್ರಿ ಅಂಗಡಿಯಲ್ಲಿ ಕೆಂಡದ ಪೆಟ್ಟಿಗೆ. ಹತ್ತಿ ಅಂಗಿಗೆ ಒತ್ತಿದ ಹಾಗೆ ಒತ್ತಿದರು, ಜೇಬಿನ ಮೇಲೆ ಹೊಳೆಯುವ ಕಲೆ ಉಳಿಯಿತು. ಇದಕ್ಕೆ ಇಸ್ತ್ರಿಯೇ ಬೇಕಿಲ್ಲ, ಒದರಿ ಹಾಕಿದರೆ ಸಾಕು. ಮೂರನೆಯದು ಬ್ಲೀಚ್. ಕ್ಲೋರಿನ್ ಸ್ಪ್ಯಾಂಡೆಕ್ಸ್ ನೂಲನ್ನು ತಿಂದುಹಾಕುತ್ತದೆ. ಪದೇ ಪದೇ ಬ್ಲೀಚ್ ಮಾಡಿದರೆ ಹಿಗ್ಗುವ ಗುಣ ಹೋಗಿ ಮಂಡಿ ಹತ್ರ ಜೋಲುತ್ತದೆ. ಒಂದು ಜೊತೆಗೆ ₹2,000ದ ಮೇಲೆ ಕೊಟ್ಟು ಇಷ್ಟು ನಾಜೂಕು ಸಾಕಬೇಕಾ ಅಂತ ನನ್ನ ಹೆಂಡತಿ ಕೇಳಿದಳು. ಉತ್ತರ ಇನ್ನೂ ಕೊಟ್ಟಿಲ್ಲ.

ಮಾರುಕಟ್ಟೆಯಲ್ಲಿ ಇದಕ್ಕಿಂತ ಅಗ್ಗದ, ಜಾರುವ ಮೈಕ್ರೋಫೈಬರ್ ಸೆಟ್ಟುಗಳೂ ಇವೆ. ಮೈಗೆ ಅಂಟುತ್ತವೆ, ತಿಳಿ ಬಣ್ಣದ್ದಾದರೆ ಒಳಗಿನ ಚಡ್ಡಿಯ ಗೆರೆ ಕಾಣುತ್ತದೆ. ಬೇಡ.

ಇನ್ನು ಟೈಲರ್ ಹೊಲಿದದ್ದು. ಬಿ.ಎಂ. ರಸ್ತೆಯ ಬಟ್ಟೆ ಅಂಗಡಿಯಲ್ಲಿ ಟೆರಿಕಾಟ್ ತಗೊಂಡೆ. ಪಾಲಿಯೆಸ್ಟರ್ 65, ಹತ್ತಿ 35 ಇರುವ ಬಟ್ಟೆ, ಪನ್ನ, ಅಂದ್ರೆ ಬಟ್ಟೆಯ ಅಗಲ, 58 ಇಂಚು. ನನ್ನ ಮೈಗೆ ಮೂರು ಮೀಟರ್ ಸಾಕಾಯಿತು. ಹೊಲಿಗೆ ಕೂಲಿ ಸೇರಿ ₹1,300ರ ಸುತ್ತಮುತ್ತ. ಮೇ, ಜೂನ್‌ನಲ್ಲಿ ಮಾತ್ರ ಹೋಗಬೇಡಿ. ಶಾಲೆ ಯೂನಿಫಾರಂ ರಾಶಿಯಲ್ಲಿ ನಿಮ್ಮ ಬಟ್ಟೆ ಎಲ್ಲಿದೆ ಅಂತ ಟೈಲರಿಗೇ ಗೊತ್ತಿರುವುದಿಲ್ಲ.

ನೋಡಲು ಇದು ಮೂರರಲ್ಲಿ ಸಾದಾ. ಆದರೆ ಪ್ಯಾಂಟು ನಿಮ್ಮದು. ನಾನು ಹೇಳಿ ಮಾಡಿಸಿದ್ದು ಹೀಗೆ: ಸೊಂಟದ ಮುಂದೆ ಚಪ್ಪಟೆ ಪಟ್ಟಿ, ಜಿಪ್, ಗುಂಡಿ. ಹಿಂದೆ ಮಾತ್ರ ಇಲಾಸ್ಟಿಕ್. ಊಟಕ್ಕೆ ಮುಂಚೆ, ಊಟದ ನಂತರ, ಎರಡಕ್ಕೂ ಹೊಂದುತ್ತದೆ. ಎರಡು ಕಾಲು ಸೇರುವ ಕಡೆ ಒಂದು ಚೌಕದ ತುಂಡು ಸೇರಿಸಿ ಡಬಲ್ ಹೊಲಿಗೆ ಹಾಕಿಸಿದೆ. ಟೆರಿಕಾಟ್ ಹಿಗ್ಗುವುದಿಲ್ಲ, ಆದರೆ ಆ ತುಂಡಿನಿಂದ ಮಂಡಿಯೂರಲು ಜಾಗ ಸಿಗುತ್ತದೆ. ಪಕ್ಕದ ಜೇಬು ಆಳ, ಬಾಯಿ ಓರೆ. ತೊಡೆಯ ಮೇಲೆ ಇನ್ನೊಂದು ಜೇಬು, ಕತ್ತರಿಗೆ. ಹಿಂದಿನ ಜೇಬಿಗೆ ಗುಂಡಿ. ಅಂಗಿಯ ಪಕ್ಕದಲ್ಲಿ ಸೀಳು ಬಿಡಿಸಿದೆ, ಬಗ್ಗಿದಾಗ ಹಿಡಿಯಬಾರದಲ್ಲ. ಕತ್ತಿನ ಆಳ ಕನ್ನಡಿ ಮುಂದೆ ನಿಂತು ನಾನೇ ತೋರಿಸಿದೆ. 'ಸಾರ್, ಇದು ಶರ್ಟಾ, ಜುಬ್ಬಾನಾ?' ಅಂತ ಟೈಲರ್ ಕೇಳಿದ್ದು ಹೌದು. ಹಳೇದೊಂದನ್ನು ಮಾದರಿಗೆ ಕೊಟ್ಟ ಮೇಲೆ ಮಾತು ಮುಗಿಯಿತು.

ಟೆರಿಕಾಟ್ ಒಣಗುವುದು ಹತ್ತಿಗಿಂತ ಬೇಗ, ಸ್ಟ್ರೆಚ್ಚಿಗಿಂತ ತಡ. ಸೆಕೆಯಲ್ಲಿ ಹತ್ತಿಯಷ್ಟು ತಂಪಲ್ಲ. ಇಸ್ತ್ರಿ ಗೆರೆ ನಿಲ್ಲುತ್ತದೆ, ರೌಂಡ್ಸಿಗೆ ಬಂದ ಡಾಕ್ಟರ ಪಕ್ಕ ನಿಂತರೆ ಮುಜುಗರವಾಗುವುದಿಲ್ಲ. ಹೊಲಿಗೆ ಒಳಗೆ ಬಟ್ಟೆ ಬಿಡಿಸಿದ್ದರಿಂದ ಸೊಂಟ ಹೆಚ್ಚಿದಾಗ ಬಿಚ್ಚಿ ಅಗಲ ಮಾಡಿಸಿದ್ದೂ ಆಯಿತು. ಆನ್‌ಲೈನ್ ಕಂಪನಿ ಇದನ್ನು ಮಾಡಿಕೊಡುತ್ತಾ?

ಬಣ್ಣ ಆರಿಸುವ ಅವಕಾಶ ನಿಮಗಿದ್ದರೆ ತಿಳಿ ಬೂದಿ ಬಣ್ಣ ಬಿಡಿ, ಕಂಕುಳ ಬೆವರು ನಕ್ಷೆ ಬರೆಯುತ್ತದೆ. ನೇವಿಯಲ್ಲಿ ಬೆವರು ಕಾಣುವುದಿಲ್ಲ, ಆದರೆ ಮುರಿದ ಮೂಳೆಗೆ ಪಿಒಪಿ ಕಟ್ಟು ಹಾಕಿದ ದಿನ ಬಿಳಿ ಪುಡಿಯೆಲ್ಲ ಕಾಣುತ್ತದೆ. ಆಪರೇಷನ್ ಥಿಯೇಟರಿನವರ ಹಸಿರಿಗೆ ಬೇರೆ ಕಾರಣ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಸರ್ಜನ್ ಹ್ಯಾರಿ ಶರ್ಮನ್ 1914ರಲ್ಲಿ ಬಿಳಿ ಬಿಟ್ಟು ಹಸಿರು ತಂದರು. ದೀಪದ ಕೆಳಗೆ ಬಿಳಿ ಕಣ್ಣು ಕುಕ್ಕುತ್ತಿತ್ತು, ರಕ್ತದ ಕೆಂಪಿಗೆ ಹಸಿರು ಎದುರು ಬಣ್ಣ. ವಾರ್ಡಿನಲ್ಲಿ ಓಡಾಡುವ ನಮಗೆ ಆ ಲೆಕ್ಕ ಬೇಡ.

ಕಲೆಗಳ ವಿಷಯ ಮಾತ್ರ ಮೂರಕ್ಕೂ ಒಂದೇ. ರಕ್ತಕ್ಕೆ ತಣ್ಣೀರು ಮೊದಲು, ಬಿಸಿ ನೀರು ತಾಗಿಸಿದರೆ ಕಲೆ ಅಲ್ಲೇ ಕೂತುಬಿಡುತ್ತದೆ. ಬೆಟಡಿನ್ ಚೆಲ್ಲಿದರೆ ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಹಾಕಿ, ಅಯೋಡಿನ್ ಬಣ್ಣ ಕಣ್ಣ ಮುಂದೆಯೇ ಹೋಗುತ್ತದೆ. ಕೈ ತೊಳೆಯುವ ಕ್ಲೋರ್‌ಹೆಕ್ಸಿಡಿನ್ ಬಿದ್ದ ಜಾಗಕ್ಕೆ ಬ್ಲೀಚಿಂಗ್ ತಾಗಿಸಲೇಬೇಡಿ. ಎರಡೂ ಸೇರಿ ಕಂದು ಕಲೆಯಾಗುತ್ತದೆ, ಅದು ಮತ್ತೆ ಹೋಗುವುದಿಲ್ಲ.

ಈಗ ನನ್ನ ಕಪಾಟಲ್ಲಿ ಹೊಲಿಸಿದವೇ ಜಾಸ್ತಿ. ಒಂದು ಸ್ಟ್ರೆಚ್, ಓಡಾಟದ ದಿನಗಳಿಗೆ. ಹತ್ತಿಯದು ಬೇಸಿಗೆಗೆ ಮಾತ್ರ ಹೊರಗೆ ಬರುತ್ತದೆ. ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಹಿಮ್ಸ್‌ಗೆ ಹೊಸದಾಗಿ ಸೇರಿದ ಹುಡುಗರು ಕೇಳಿದರೆ, ಯಾವುದನ್ನೇ ಆಗಲಿ ಮೊದಲು ಒಂದೇ ಜೊತೆ ತಗೊಳ್ಳಿ, ಜೇಬಿಗೆ ಎಲ್ಲಾ ತುಂಬಿಕೊಂಡು ಮನೆಯಲ್ಲೇ ಮಂಡಿಯೂರಿ ಎದ್ದು ನೋಡಿ ಅನ್ನುತ್ತೇನೆ. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿರುವ ನನ್ನ ಗೆಳೆಯ ಇದ್ಯಾವುದನ್ನೂ ಒಪ್ಪುವುದಿಲ್ಲ. ಅವನದು ವರ್ಷವಿಡೀ ಜಾಗರ್. ಅಲ್ಲಿನ ಮಳೆಗೆ ಟೆರಿಕಾಟೂ ಒಣಗಲ್ಲ, ಟೈಲರ್ ಅಂಗಡಿಗೆ ಅಲೆಯೋರು ಯಾರು ಅಂತ ಅವನ ವಾದ. ಅವನ ಸೊಂಟ ಮೂವತ್ತು ಇಂಚು. ನನ್ನದನ್ನು ಇಲ್ಲಿ ಬರೆಯುವುದಿಲ್ಲ.