ಕಲೋತ್ಸವದ ಸಭಾಂಗಣ: ವೇದಿಕೆಗೆ ಎ ಗ್ರೇಡ್, ಪ್ರೇಕ್ಷಕರ ಕಡೆಗೆ ಬಿ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ನಡೆದ ಉಪಜಿಲ್ಲಾ ಶಾಲಾ ಕಲೋತ್ಸವವೊಂದರಲ್ಲಿ, ಅಂದರೆ ಶಾಲಾ ಮಕ್ಕಳ ಕಲಾ ಸ್ಪರ್ಧೆಯಲ್ಲಿ, ಯಕ್ಷಗಾನ, ನಾಟಕ, ಮೂಕಾಭಿನಯ ನಡೆದ ಸಭಾಂಗಣದ ವಿಮರ್ಶೆ ಇದು. ಮಕ್ಕಳ ಪ್ರದರ್ಶನದ್ದಲ್ಲ, ನೋಡಲು ಬಂದವರಿಗಾಗಿ ಮಾಡಿದ ವ್ಯವಸ್ಥೆಯದ್ದು.

ತೀರ್ಪುಗಾರರ ಮೇಜಿನ ಹಿಂದೆ ಎರಡು ಸಾಲು ಕುರ್ಚಿ ಖಾಲಿ ಬಿಟ್ಟು ಹಗ್ಗ ಕಟ್ಟಿದ್ದು ತುಂಬ ಒಳ್ಳೆಯ ಕೆಲಸ. ಬೆನ್ನಿಗೇ ಪೋಷಕರು ಕೂತರೆ ಅವರ ಪಿಸುಮಾತೆಲ್ಲ ಅಂಕ ಹಾಕುವವರ ಕಿವಿಗೇ ಬೀಳುತ್ತದೆ. ಬಾಗಿಲಲ್ಲಿ ಎಸ್‌ಪಿಸಿ (ಸ್ಟೂಡೆಂಟ್ ಪೊಲೀಸ್ ಕೆಡೆಟ್) ಮಕ್ಕಳನ್ನು ನಿಲ್ಲಿಸಿದ್ದೂ ಸರಿಯೇ. ಆದರೆ ಪರದೆ ಸರಿದ ಮೇಲೆ ಯಾರನ್ನೂ ಬಿಡಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಾಗಿಲು ಇರುವುದು ವೇದಿಕೆಯ ಪಕ್ಕದಲ್ಲೇ, ಒಳಬಂದವರೆಲ್ಲ ನಟರ ಕಣ್ಣೆದುರೇ ಹಾದುಹೋಗುತ್ತಾರೆ.

ದೊಡ್ಡ ದೋಷ ಕೂಗಾಟದ್ದು. ಕಲೋತ್ಸವದ ವೇದಿಕೆಯಲ್ಲಿ ತಂಡಕ್ಕೆ ಶಾಲೆಯ ಹೆಸರಿಲ್ಲ. ಚೀಟಿ ಎತ್ತಿ ಕೋಡ್ ಕೊಡುತ್ತಾರೆ, ಮೈಕಿನಲ್ಲಿ ಹೇಳುವುದೂ ಅದನ್ನೇ. ಯಾವ ಶಾಲೆ ಎಂದು ತೀರ್ಪುಗಾರರಿಗೆ ತಿಳಿಯಬಾರದೆಂದೇ ಈ ಕ್ರಮ. ಪರದೆ ಸರಿಯುತ್ತಲೇ ಹಿಂದಿನ ಸಾಲಿನಿಂದ ಶಾಲೆಯ ಹೆಸರು ಹಿಡಿದು ಜೈಕಾರ ಹಾಕಿದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಜೈಕಾರ ಹಾಕುವವರಲ್ಲಿ ಹಳೆ ವಿದ್ಯಾರ್ಥಿಗಳೇ ಹೆಚ್ಚು. ಅವರಿಗೆ ತಿಳಿಹೇಳಬೇಕಾದ್ದು ಆಯಾ ಶಾಲೆಯ ಮಾಷ್ಟ್ರುಗಳು.

ಯಕ್ಷಗಾನಕ್ಕೆ ಶಿಳ್ಳೆಯ ಪೆಟ್ಟು ಇನ್ನೂ ಜೋರು. ಚೆಂಡೆಯ ಮುಕ್ತಾಯ, ಅಂದರೆ ಕುಣಿತ ಮುಗಿಸುವ ಪೆಟ್ಟು, ಬೀಳುವ ಹೊತ್ತಿಗೇ ಶಿಳ್ಳೆ ಎದ್ದರೆ, ಹೆಜ್ಜೆ ನಿಲ್ಲಿಸಬೇಕಾದ ಮಕ್ಕಳಿಗೆ ಚೆಂಡೆಯ ಪೆಟ್ಟು ಕೇಳುವುದಿಲ್ಲ. ಮೇಳದ ಕಲಾವಿದರಾದರೆ ಅಭ್ಯಾಸಬಲದಿಂದ ಸುಧಾರಿಸಿಕೊಂಡಾರು, ಎಂಟನೇ ತರಗತಿಯ ಹುಡುಗಿಗೆ ಅದು ಕಷ್ಟ. ಒಬ್ಬಳು ತಾಳಕ್ಕಿಂತ ಮುಂದೆ ಹೋದರೆ ಒಡ್ಡೋಲಗದ (ಪಾತ್ರಗಳು ರಂಗಕ್ಕೆ ಬರುವ ಕುಣಿತದ) ಸಾಲೇ ಓರೆಯಾಗುತ್ತದೆ. ಹಾರಿ ಗಿರಕಿ ಹೊಡೆಯುವ ಧಿಗಿಣಕ್ಕೆ ಚಪ್ಪಾಳೆ ಖಂಡಿತ ಬೇಕು, ಆದರೆ ಮುಕ್ತಾಯ ಬಿದ್ದ ಮೇಲೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಿಗೆ ಇದು ಗೊತ್ತಿಲ್ಲದ್ದೇನಲ್ಲ.

ನಾಟಕಕ್ಕೆ ವೇದಿಕೆಯ ಅಂಚಿನ ಮೈಕು, ಮೇಲಿಂದ ಇಳಿಬಿಟ್ಟ ಮೈಕುಗಳೇ ಗತಿ. ಅವು ಸಂಭಾಷಣೆಯ ಜೊತೆ ಮುಂದಿನ ಸಾಲಿನ ಹರಟೆಯನ್ನೂ ಹಿಡಿಯುತ್ತವೆ. ಗಲಾಟೆ ಮೀರಿಸಲು ಸೌಂಡಿನವರು ವಾಲ್ಯೂಮ್ ಏರಿಸಿದರೆ ಕುಂಯ್ ಎಂಬ ಸದ್ದು ಶುರು. ಇಳಿಸಿದರೆ ಮಾತು ಹಿಂದಿನವರಿಗೆ ಮುಟ್ಟದು, ಅವರು ತಮ್ಮತಮ್ಮಲ್ಲೇ ಮಾತಿಗಿಳಿಯುತ್ತಾರೆ. ಇಲ್ಲಿ ಆದದ್ದು ಎರಡೂ.

ತಮ್ಮ ಮಕ್ಕಳದ್ದು ಮುಗಿದ ಕೂಡಲೇ ಇಡೀ ಬಳಗ ಎದ್ದು ಹೊರಡುವುದು ನಿಜಕ್ಕೂ ಬೇಸರದ ವಿಷಯ. ಟೈಲ್ಸ್ ನೆಲದ ಮೇಲೆ ಪ್ಲಾಸ್ಟಿಕ್ ಕುರ್ಚಿ ಎಳೆಯುವ ಕರ್ಕಶ ಸದ್ದಿನಲ್ಲೇ ಮುಂದಿನ ತಂಡ ಆರಂಭಿಸಬೇಕು. ಮೂಕಾಭಿನಯಕ್ಕೆ ಸಿಗುವುದೇ 5 ನಿಮಿಷ, ಅದರಲ್ಲಿ ಮೊದಲ ನಿಮಿಷ ಹೀಗೆ ಹೋದರೆ ಕಥೆಯ ಎಳೆ ಯಾರಿಗೂ ಸಿಗುವುದಿಲ್ಲ. ಕುರ್ಚಿಗಳನ್ನು ನಾಲ್ಕು ನಾಲ್ಕಾಗಿ ಹಗ್ಗದಲ್ಲಿ ಕಟ್ಟಿದರೆ ಎಳೆದಾಟ ನಿಲ್ಲುತ್ತದೆ. ಹೊರಡುವವರಿಗೆ ತಂಡಗಳ ನಡುವೆ ಎರಡು ನಿಮಿಷ ಬಿಡುವು ಕೊಟ್ಟು, ಬಾಗಿಲು ಮುಚ್ಚಿದ ಮೇಲೆಯೇ ಮುಂದಿನ ಕೋಡ್ ಕರೆಯಬೇಕು.

ಮೊಬೈಲ್ ಸೈಲೆಂಟ್ ಮಾಡಿ, ಫ್ಲ್ಯಾಷ್ ಹಾಕಬೇಡಿ ಎಂಬ ಸೂಚನೆ ಬಂದದ್ದು ಮಲಯಾಳದಲ್ಲಿ ಮಾತ್ರ. ಯಕ್ಷಗಾನ ನೋಡಲೆಂದೇ ಬಂದ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಮಂದಿಗೆ ಕನ್ನಡ, ತುಳುವೇ ಹತ್ತಿರ. ಜಿಲ್ಲಾ ಮಟ್ಟದಲ್ಲಾದರೂ ಪ್ರತಿ ತಂಡಕ್ಕೆ ಮುಂಚೆ ಕನ್ನಡದಲ್ಲೂ ಒಂದು ಸಲ ಹೇಳಲಿ.