‘ಮೂರು ದಿನದಲ್ಲಿ ಕ್ಲಿಯರೆನ್ಸ್’ ಎಂಬ ಲೆಕ್ಕ ನಂಬಿ ಗಿರಾಕಿಗೆ ಮಾತು ಕೊಡಬೇಡಿ

ಕಸ್ಟಮ್ಸ್‌ನಲ್ಲಿ ಸರಕು ಬಿಡುಗಡೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಅಧ್ಯಯನ ನಮ್ಮಲ್ಲಿ ಈಗ ರಾಷ್ಟ್ರಮಟ್ಟದಲ್ಲೇ ನಡೆಯುತ್ತಿದೆ. 2017ರ ಫೆಬ್ರವರಿ 22ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮ ಒಪ್ಪಂದವೂ ಸದಸ್ಯ ದೇಶಗಳಿಗೆ ಇದನ್ನೇ ಹೇಳುತ್ತದೆ: ಅಳೆಯಿರಿ, ಸರಾಸರಿಯನ್ನು ಪ್ರಕಟಿಸಿ. ಒಳ್ಳೆಯ ಕೆಲಸವೇ. ಆದರೆ ಆ ಸರಾಸರಿಯನ್ನು ಡೆಲಿವರಿ ತಾರೀಕು ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಪೀಣ್ಯ ಕಡೆಯ ಒಂದು ಮಷೀನ್ ಶಾಪ್‌ನ ಕಂಟೈನರ್ ನೋಡಿ.

2023ರ ಅಧ್ಯಯನದಲ್ಲಿ ಆಮದಿನ ಸರಾಸರಿ ಬಿಡುಗಡೆ ಸಮಯ ಬಂದರುಗಳಲ್ಲಿ 85 ಗಂಟೆ 42 ನಿಮಿಷ, ಒಳನಾಡಿನ ಕಂಟೈನರ್ ಡಿಪೊಗಳಲ್ಲಿ, ಅಂದರೆ ಐಸಿಡಿಗಳಲ್ಲಿ, 71 ಗಂಟೆ 46 ನಿಮಿಷ. ಶಾಪ್‌ನವರು ಎರಡನೆಯ ಅಂಕಿ ಹಿಡಿದುಕೊಂಡು ‘ಹಡಗು ಚೆನ್ನೈಗೆ ಬಂದ ಮೇಲೆ ಮೂರು ದಿನ, ಜಾಸ್ತಿ ಅಂದ್ರೆ ವಾರ’ ಎಂದು ಗಿರಾಕಿಗೆ ಬರೆದುಕೊಟ್ಟರು. ತಡವಾದರೆ ದಂಡ ಎಂಬ ಷರತ್ತಿಗೂ ಸಹಿ ಬಿತ್ತು. ಸರಕು ಡಿಪೊದ ಗೇಟು ದಾಟಿದ್ದು ಹಡಗು ಬಂದ 22ನೇ ದಿನ.

ಮೊದಲ ಎಡವಟ್ಟು ಗಡಿಯಾರದ್ದು. ಐಸಿಡಿಯ ಲೆಕ್ಕ ಶುರುವಾಗುವುದು ಪೆಟ್ಟಿಗೆ ಐಸಿಡಿಗೆ ಬಂದಾಗ, ಹಡಗು ಚೆನ್ನೈ ತಲುಪಿದಾಗಲ್ಲ. ಬಂದರಿನಲ್ಲಿ ಇಳಿದು, ರೇಕ್ (ಗೂಡ್ಸ್ ರೈಲು) ಸಿಗಲು ಕಾದು, ರೈಲಿನಲ್ಲಿ ಬೆಂಗಳೂರು ಮುಟ್ಟುವಷ್ಟರಲ್ಲಿ ಏಳನೇ ದಿನ. ಅಧ್ಯಯನದ ಪ್ರಕಾರ ಅಲ್ಲಿಯವರೆಗೆ ಆಗಿದ್ದು ಸೊನ್ನೆ ಗಂಟೆ.

ಎರಡನೆಯದು ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ವಿವರ ಕೊಟ್ಟು ಕಸ್ಟಮ್ಸ್‌ಗೆ ಸಲ್ಲಿಸುವ ಘೋಷಣೆ. ಹಡಗು ಬರುವುದಕ್ಕೆ 30 ದಿನ ಮೊದಲೇ ಇದನ್ನು ಹಾಕಬಹುದು. ಸಮುದ್ರದ ಸರಕಿಗೆ ಸಾಮಾನ್ಯವಾಗಿ ಕೊನೆಯ ಗಡುವು, ಕ್ಲಿಯರ್ ಆಗಬೇಕಾದ ಜಾಗಕ್ಕೆ ಸರಕು ಬರುವ ಹಿಂದಿನ ದಿನ. ರಜೆಯಿದ್ದರೂ ಆ ದಿನ ಎಣಿಕೆಗೆ ಸೇರುತ್ತದೆ. ತಪ್ಪಿದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಇಲ್ಲಿ ಬ್ರೋಕರ್ (ಆಮದುದಾರರ ಪರವಾಗಿ ಬಿಲ್ ಹಾಕುವ ಏಜೆಂಟ್) ‘ಒರಿಜಿನಲ್ ಪೇಪರ್ಸ್ ಬರಲಿ ಸಾರ್’ ಎಂದು ಕಾದು ಹಾಕಿದ್ದು 11ನೇ ದಿನ. ಐದು ದಿನದ ತಡಕ್ಕೆ 35,000 ರೂಪಾಯಿ. ದಾಖಲೆಗಳೆಲ್ಲ ಕಸ್ಟಮ್ಸ್‌ನ ಆನ್‌ಲೈನ್ ವ್ಯವಸ್ಥೆ ಇ-ಸಂಚಿತ್‌ನಲ್ಲಿ ಸ್ಕ್ಯಾನ್ ಮಾಡಿ ಏರಿಸುವ ಕಾಲದಲ್ಲಿ, ಮೇಲ್‌ನಲ್ಲಿ ಬಂದ ಇನ್‌ವಾಯ್ಸ್ ಕೈಯಲ್ಲಿಟ್ಟುಕೊಂಡು ಕೊರಿಯರ್‌ಗೆ ಕಾಯುವ ಬ್ರೋಕರ್ ಈಗಲೂ ಇದ್ದಾರೆ ಎನ್ನುವುದೇ ಸೋಜಿಗ.

ಮೂರನೆಯದು ಎಲ್ಲಕ್ಕಿಂತ ದುಬಾರಿ. ಇನ್‌ವಾಯ್ಸ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ಮಷೀನ್ ಪಾರ್ಟ್ಸ್, 3 ಪೆಟ್ಟಿಗೆ’. ಬ್ರೋಕರ್ ಇಡೀ ಸಾಲನ್ನು ಸುಂಕಪಟ್ಟಿಯ 8466ಕ್ಕೆ, ಅಂದರೆ ಮಷೀನ್ ಟೂಲ್ ಬಿಡಿಭಾಗಗಳ ತಲೆಬರಹಕ್ಕೆ, ಹಾಕಿದ. ಪೆಟ್ಟಿಗೆಯಲ್ಲಿ ಬೇರಿಂಗ್‌ಗಳಿದ್ದವು, ಗೇರ್‌ಗಳಿದ್ದವು. ಯಾವ ಮಷೀನಿಗೆ ಹೋದರೂ ಬೇರಿಂಗ್ 8482, ಗೇರ್ 8483. ಸುಂಕಪಟ್ಟಿಯ 16ನೇ ವಿಭಾಗದ 2ನೇ ಟಿಪ್ಪಣಿ ಓದಿದವರಿಗೆ ಇದರಲ್ಲಿ ಅನುಮಾನವೇ ಬರುವುದಿಲ್ಲ. ಇನ್ನು ಈಗ ಅಸೆಸ್‌ಮೆಂಟ್, ಅಂದರೆ ಸುಂಕ ನಿರ್ಧಾರ, ಮಾಡುವ ಅಧಿಕಾರಿ ಎದುರಿಗೆ ಸಿಗುವವರಲ್ಲ. ಮುಖಾಮುಖಿ ಇಲ್ಲದ ಅಸೆಸ್‌ಮೆಂಟ್ 2020ರ ಜೂನ್ 8ರಂದು ಮೊದಲು ಶುರುವಾದದ್ದೇ ಬೆಂಗಳೂರು ಮತ್ತು ಚೆನ್ನೈನಲ್ಲಿ, ಅದೂ ಯಂತ್ರೋಪಕರಣಗಳ 84 ಮತ್ತು 85ನೇ ಅಧ್ಯಾಯಗಳಿಗೆ. ಬೇರೆ ಊರಿನಲ್ಲಿ ಕೂತ ಅಧಿಕಾರಿಗೆ ‘ಪಾರ್ಟ್ಸ್’ ಎಂಬ ಪದ ಏನನ್ನೂ ಹೇಳುವುದಿಲ್ಲ. 12ನೇ ದಿನ ಕ್ವೆರಿ ಬಂತು: ಕ್ಯಾಟಲಾಗ್ ಕೊಡಿ, ವಿವರ ಕೊಡಿ.

13ನೇ ದಿನ, ಶನಿವಾರ, ಕ್ಯಾಟಲಾಗ್ ಅಪ್‌ಲೋಡ್ ಆಯಿತು, ಅದಕ್ಕೆ ಐಆರ್‌ಎನ್ ನಂಬರೂ (ಏರಿಸಿದ ದಾಖಲೆಯ ಗುರುತಿನ ಸಂಖ್ಯೆ) ಬಂತು. ಬ್ರೋಕರ್ ಅಷ್ಟಕ್ಕೇ ಬಿಟ್ಟ. ಆ ನಂಬರನ್ನು ಬಿಲ್‌ಗೆ ಜೋಡಿಸಿ ಕ್ವೆರಿಗೆ ಉತ್ತರ ಸಲ್ಲಿಸಿದರೆ ಮಾತ್ರ ಫೈಲು ಮತ್ತೆ ಅಧಿಕಾರಿಯ ಸಾಲಿಗೆ ಹೋಗುತ್ತದೆ. ಅದು ನೆನಪಾದದ್ದು ಮಂಗಳವಾರ. ಮಾರನೇ ದಿನವೇ ಅಸೆಸ್‌ಮೆಂಟ್ ಮುಗಿಯಿತು, ಗುರುವಾರ ಡ್ಯೂಟಿ ಕಟ್ಟಿದರು (ಗಡುವು ಮೀರಿದ್ದರೆ ಅದಕ್ಕೂ ವರ್ಷಕ್ಕೆ ಶೇ. 15 ಬಡ್ಡಿ), ಶುಕ್ರವಾರ ಸಂಜೆ ಪರೀಕ್ಷೆ ಆಗಿ ಔಟ್ ಆಫ್ ಚಾರ್ಜ್, ಅಂದರೆ ಕಸ್ಟಮ್ಸ್‌ನ ಬಿಡುಗಡೆ ಆದೇಶ, ಸಿಕ್ಕಿತು. ಐಸಿಡಿ ಗಡಿಯಾರದ ಪ್ರಕಾರ 12 ದಿನ. ಅದರಲ್ಲಿ ಅಧಿಕಾರಿಗಳ ಕೈಯಲ್ಲಿ ಫೈಲು ಇದ್ದದ್ದು ಮೂರು ದಿನವೂ ಇರಲಾರದು. ಆದರೂ ಬೈಗುಳವೆಲ್ಲ ಕಸ್ಟಮ್ಸ್‌ಗೇ.

ಸರಾಸರಿ ಎಂಬುದು ಹೇಗೆ ದಾರಿ ತಪ್ಪಿಸುತ್ತದೆ ನೋಡಿ. ಲೆಕ್ಕಕ್ಕೆಂದು ಹತ್ತು ಬಿಲ್ ಇಟ್ಟುಕೊಳ್ಳಿ: 22, 25, 26, 28, 30, 31, 34, 40, 190, 274 ಗಂಟೆ. ಸರಾಸರಿ 70. ಎಪ್ಪತ್ತು ಗಂಟೆಯ ಆಸುಪಾಸಿನಲ್ಲಿ ಬಿಡುಗಡೆಯಾದ ಸರಕು ಒಂದಾದರೂ ಇದೆಯೇ? ಎಂಟು ಬಿಲ್ 40 ಗಂಟೆಯೊಳಗೆ ಮುಗಿದಿವೆ, ಉಳಿದ ಎರಡು ಬಿಲ್ ಒಂದು ವಾರ ದಾಟಿ ಕೂತಿವೆ. ನಿಮ್ಮದು ಯಾವ ಗುಂಪು ಎಂಬುದೇ ಪ್ರಶ್ನೆ. ಮುಂಗಡವಾಗಿ ಬಿಲ್ ಹಾಕಿದ್ದೀರಾ, ಯಾವ ಸರಕನ್ನು ಪರೀಕ್ಷಿಸಬೇಕೆಂದು ಆರಿಸುವ ರಿಸ್ಕ್ ಮ್ಯಾನೇಜ್‌ಮೆಂಟ್ ವ್ಯವಸ್ಥೆ ಪರೀಕ್ಷೆಯಿಲ್ಲದೆ ಬಿಟ್ಟಿದೆಯಾ, ನಂಬಿಕಸ್ಥ ವ್ಯಾಪಾರಿ ಎಂದು ಕಸ್ಟಮ್ಸ್ ಕೊಡುವ ಎಇಒ ಮಾನ್ಯತೆ ನಿಮಗೆ ಇದೆಯಾ, ಈ ಮೂರರ ಮೇಲೆ ಅದು ನಿಲ್ಲುತ್ತದೆ. ಇದರ ಜೊತೆಗೆ, ರಾಷ್ಟ್ರೀಯ ಅಧ್ಯಯನದ ಮಾದರಿ ಜನವರಿ 1ರಿಂದ 7ರವರೆಗಿನ ಒಂದೇ ವಾರದ್ದು. ನಿಮ್ಮ ಕಂಟೈನರ್ ದೀಪಾವಳಿ ವಾರದಲ್ಲಿ ಬಂದರೆ ಅದಕ್ಕೂ ಇದಕ್ಕೂ ಏನು ಸಂಬಂಧ?

ಹಾಗಾಗಿ ನಿಮ್ಮದೇ ಅಳತೆ ಮಾಡಿ, ಅರ್ಧ ದಿನದ ಕೆಲಸ. ಹಿಂದಿನ 20–30 ಬಿಲ್‌ಗಳ ನಂಬರ್ ತೆಗೆದುಕೊಳ್ಳಿ. ಕಸ್ಟಮ್ಸ್ ಪೋರ್ಟಲ್ ಐಸ್‌ಗೇಟ್‌ನ ಸ್ಟೇಟಸ್ ಪುಟ, ಬ್ರೋಕರ್ ಫೈಲು ಎರಡನ್ನೂ ನೋಡಿ ಎಕ್ಸೆಲ್‌ನಲ್ಲಿ ಆರು ಸಮಯ ಬರೆಯಿರಿ: ಸರಕು ಬಂದದ್ದು, ಬಿಲ್ ಹಾಕಿದ್ದು, ಅಸೆಸ್‌ಮೆಂಟ್ ಮುಗಿದದ್ದು, ಡ್ಯೂಟಿ ಕಟ್ಟಿದ್ದು, ಔಟ್ ಆಫ್ ಚಾರ್ಜ್, ಗೇಟು ದಾಟಿದ್ದು. ಭಾನುವಾರ ಬಿಡದೆ ಎಣಿಸಿ. ಮುಂಗಡ ಬಿಲ್‌ಗಳು ಬೇರೆ, ಉಳಿದವು ಬೇರೆ. ಗಿರಾಕಿಗೆ ತಾರೀಕು ಕೊಡುವಾಗ ಹತ್ತರಲ್ಲಿ ಒಂಬತ್ತು ಬಿಲ್ ಎಷ್ಟು ದಿನದೊಳಗೆ ಮುಗಿದಿವೆಯೋ ಆ ಅಂಕಿ ಹಿಡಿಯಿರಿ. ಮೊದಲ ಎರಡು ಕಾಲಂಗಳ ನಡುವೆ, ಮೂರು ಮತ್ತು ನಾಲ್ಕರ ನಡುವೆ ಇರುವ ಗಂಟೆಗಳು ನಿಮ್ಮವು ಮತ್ತು ನಿಮ್ಮ ಬ್ರೋಕರ್‌ನವು. ಬಿಲ್ ನಿಜವಾಗಿ ಅಧಿಕಾರಿಯ ಬಳಿಯೇ ನಿಂತಿದ್ದರೆ, ಹೆಸರು ಹೇಳದೆ ದೂರು ಮೇಲಕ್ಕೆ ಕಳಿಸುವ ವ್ಯವಸ್ಥೆ ಐಸ್‌ಗೇಟ್‌ನಲ್ಲೇ ಇದೆ. ಫೋನ್ ಮಾಡಿ ಅಂಗಲಾಚಬೇಕಿಲ್ಲ.

ಇನ್ನು 19ರಿಂದ 22ನೇ ದಿನದವರೆಗಿನ ಆ ಕೊನೆಯ ಮೂರು ದಿನ. ಔಟ್ ಆಫ್ ಚಾರ್ಜ್ ಬಿದ್ದ ಕೂಡಲೇ ಅಧ್ಯಯನದ ಗಡಿಯಾರ ನಿಲ್ಲುತ್ತದೆ, ಶಿಪ್ಪಿಂಗ್ ಲೈನ್‌ನದು ನಿಲ್ಲುವುದಿಲ್ಲ. ಶಾಪ್‌ನವರಿಗೆ ಲೈನ್ ಕೊಟ್ಟಿದ್ದ ಡೆಲಿವರಿ ಆರ್ಡರ್‌ನ (ಸರಕು ಒಯ್ಯಲು ಅನುಮತಿ ಪತ್ರ) ಅವಧಿ ಗುರುವಾರವೇ ಮುಗಿದಿತ್ತು. ಶುಕ್ರವಾರ ಸಂಜೆ ಅದನ್ನು ಯಾರೂ ನವೀಕರಿಸಿಕೊಡಲಿಲ್ಲ. ಸೋಮವಾರದವರೆಗಿನ ಕಂಟೈನರ್ ಡಿಟೆನ್ಶನ್ (ಪೆಟ್ಟಿಗೆ ತಡವಾಗಿ ಹಿಂತಿರುಗಿಸಿದ್ದಕ್ಕೆ ಲೈನ್ ಹಾಕುವ ಶುಲ್ಕ), ಡಿಪೊ ಬಾಡಿಗೆ ಎರಡೂ ಶಾಪ್‌ನ ತಲೆಗೇ ಬಂತು. ಈ ಶುಲ್ಕವಿಲ್ಲದ ಫ್ರೀ ಡೇಸ್ ಚೆನ್ನೈನಲ್ಲಿ ಇಳಿದ ದಿನದಿಂದಲೋ ಐಸಿಡಿಗೆ ಬಂದ ದಿನದಿಂದಲೋ ಎಂದು ಬುಕಿಂಗ್ ಹೊತ್ತಿನಲ್ಲೇ ಲೈನ್‌ನವರಿಂದ ಮೇಲ್‌ನಲ್ಲಿ ಬರೆಸಿಕೊಳ್ಳಿ. ಶಾಪ್‌ನವರು ಕೇಳಿದ್ದು ಡಿಟೆನ್ಶನ್ ಬಿಲ್ ಬಂದ ಮೇಲೆ. ಉತ್ತರ: ಇಳಿದ ದಿನದಿಂದ.